ಅಟ್ಟದಿಂದ ಇಳಿದು ಬಂದ ಹಾಡುಗಳು

ಮಲೆನಾಡಿನ ಹಳೆಯ ಮನೆಗಳ ಅಟ್ಟದಲ್ಲಿ ಏನು ಸಿಕ್ಕೀತು, ಏನು ಸಿಗದು ಎಂದು ಮುಂಚಿತವಾಗಿ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ. ಕಾಲು ಮುರಿದ ತೊಟ್ಟಿಲು, ತಳ ತೂತಾದ ಹಂಡೆ, ಹತ್ತಾರು ವರ್ಷಗಳ ಪಂಚಾಂಗಗಳ ಕಟ್ಟು, ಯಾರದೋ ಮದುವೆಯ ಬಾಸಿಂಗ – ಎಲ್ಲವೂ ಒಂದೇ ಧೂಳನ್ನು ಹೊದ್ದು ಮಲಗಿರುತ್ತವೆ. ತೀರ್ಥಹಳ್ಳಿಯ ಸಮೀಪದ ನಮ್ಮ ಹಿರಿಯರ ಮನೆಗೆ ಹೆಂಚು ಬದಲಿಸಬೇಕಾಗಿ ಬಂದು, ಎರಡು ಬೇಸಗೆಗಳ ಹಿಂದೆ ಅಟ್ಟವನ್ನು ಬರಿದು ಮಾಡಿದಾಗ, ಇವೆಲ್ಲದರ ಹಿಂದೆ ತಗಡಿನ ಟ್ರಂಕೊಂದು ಸಿಕ್ಕಿತು. ಅದರೊಳಗೆ ಹಳೆಯ ವೃತ್ತಪತ್ರಿಕೆಗಳಲ್ಲಿ ಸುತ್ತಿದ ೩೧ ಗ್ರಾಮಫೋನ್ ತಟ್ಟೆಗಳೂ, ರಟ್ಟಿನ ಪೆಟ್ಟಿಗೆಯೊಂದರಲ್ಲಿ ಕಂದು ಬಣ್ಣದ ಟೇಪಿನ ಸುರುಳಿಯೂ ಇದ್ದುವು. ಪೆಟ್ಟಿಗೆಯ ಮೇಲೆ ಸೀಸದ ಕಡ್ಡಿಯಿಂದ ‘ಅಮ್ಮ’ ಎಂದಷ್ಟೇ ಬರೆದಿದ್ದಿತು.

ತಟ್ಟೆಗಳು ಅಜ್ಜನವು. ಅವರೇನೂ ಸಂಗೀತಗಾರರಲ್ಲ. ಅಡಕೆಯ ವ್ಯವಹಾರಕ್ಕೆಂದು ಶಿವಮೊಗ್ಗೆಗೆ ಹೋದಾಗಲೆಲ್ಲ, ಧಾರಣೆ ಚೆನ್ನಾಗಿದ್ದ ವರ್ಷ, ಒಂದು ‘ಪ್ಲೇಟು’ ತರುತ್ತಿದ್ದರಂತೆ. (ನಮ್ಮ ಸೀಮೆಯಲ್ಲಿ ಗ್ರಾಮಫೋನ್ ತಟ್ಟೆಗೆ ಪ್ಲೇಟೆಂದೇ ಹೆಸರು, ಊಟದ ತಟ್ಟೆ ಮಾತ್ರ ತಟ್ಟೆ.) ನಾಟಕದ ಹಾಡುಗಳು, ಹುಬ್ಬಳ್ಳಿ ಧಾರವಾಡದ ಕಡೆಯ ಗಾಯಕರ ಖ್ಯಾಲುಗಳು, ಪಿ. ಕಾಳಿಂಗರಾಯರ ಭಾವಗೀತೆಗಳು – ಹೀಗೆ ಮಿಶ್ರ ಸಂಗ್ರಹ. ಟೇಪು ನನ್ನ ದೊಡ್ಡಪ್ಪನದು. ಅದರಲ್ಲಿದ್ದ ‘ಅಮ್ಮ’ ನನ್ನ ಅಜ್ಜಿ. ಆಕೆ ತೀರಿಕೊಂಡದ್ದು ೧೯೭೫ರಲ್ಲಿ. ನಾನು ಆಕೆಯನ್ನು ಕಂಡವನಲ್ಲ. ಆಗ ೧೭ ವರ್ಷದ ಹುಡುಗನಾಗಿದ್ದ ನನ್ನ ತಂದೆ, ಆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಏನನ್ನೂ ಆಡಲಿಲ್ಲ.

ಇವನ್ನೆಲ್ಲ ಗಣಕಯಂತ್ರಕ್ಕೆ ಏರಿಸಿಬಿಡೋಣವೆಂದು ನಾನು ಹೇಳಿದೆ. ಕಾಲೇಜಿನ ಸಹೋದ್ಯೋಗಿಯೊಬ್ಬರನ್ನು ವಿಚಾರಿಸಿದಾಗ, “ಅದೇನು ಮಹಾ! ತಂತಿ ಜೋಡಿಸಿ ಗುಂಡಿ ಒತ್ತಿದರೆ ಆಯಿತು” ಎಂದರು. ನಾನೂ ಹಾಗೆಯೇ ನಂಬಿದ್ದೆ. ನಾನು ಕನ್ನಡದ ಅಧ್ಯಾಪಕ. ಯಂತ್ರಗಳ ವಿಷಯದಲ್ಲಿ ನನ್ನ ಪಾಂಡಿತ್ಯ ದೀಪದ ಗುಂಡಿ ಒತ್ತುವುದಕ್ಕೇ ಮುಗಿಯುತ್ತದೆ. ಆದರೆ ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಹೇಳುವಾಗ ನಾನೇ ವಿದ್ಯಾರ್ಥಿಗಳ ಕಿವಿ ಹಿಂಡಿ ಹೇಳುವ ಮಾತೊಂದಿದೆ: ಪ್ರತಿ ಮಾಡುವವನು ಬರಿಯ ಕೈಯಲ್ಲ, ಅವನ ಕಣ್ಣು, ಅವನ ಬುದ್ಧಿ, ಅವನ ಅವಸರ – ಎಲ್ಲವೂ ಪ್ರತಿಯೊಳಗೆ ಬರುತ್ತವೆ. ಆ ಮಾತು ಓಲೆಗರಿಗೆ ಹೇಗೋ ಗ್ರಾಮಫೋನ್ ತಟ್ಟೆಗೂ ಹಾಗೆಯೇ ಅನ್ವಯಿಸುವುದೆಂದು ನನಗೆ ತಿಳಿದದ್ದು ಮಾತ್ರ ಎರಡು ವರ್ಷಗಳ ತಪ್ಪುಗಳಿಂದ.

ಅರಗಿನ ಮನೆ

ಮೊದಲನೆಯ ತಪ್ಪನ್ನು ಹೇಳಿಬಿಡುತ್ತೇನೆ. ಅದಕ್ಕೆ ಮುಂಚೆ ತಟ್ಟೆ ಯಾವುದರಿಂದ ಆದುದೆಂದು ತಿಳಿಯಬೇಕು.

ಬಹುಮಂದಿ ಅದನ್ನು ಪ್ಲಾಸ್ಟಿಕ್ಕೆಂದೇ ಭಾವಿಸಿರುವರು. ೧೯೪೮ರ ಬಳಿಕ ಬಂದ ದೊಡ್ಡ ಎಲ್.ಪಿ. ತಟ್ಟೆಗಳ ಮಟ್ಟಿಗೆ ಅದು ನಿಜ. ಆದರೆ ನಿಮಿಷಕ್ಕೆ ೭೮ ಸುತ್ತು ತಿರುಗುವ ಹಳೆಯ ತಟ್ಟೆಯ ಜೀವದ್ರವ್ಯ ನಮ್ಮ ಅರಗು. ಮುತ್ತುಗ, ಕುಸುಮ ಮೊದಲಾದ ಮರಗಳ ಕೊಂಬೆಗಳ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಕೀಟವೊಂದು ಸ್ರವಿಸುವ ಅಂಟೇ ಈ ಅರಗು. ಛೋಟಾ ನಾಗಪುರದ ಕಾಡುಗಳು ಅದರ ತವರು. ಅದನ್ನು ಶುದ್ಧಿ ಮಾಡಿ, ಕಲ್ಲಿನ ಹುಡಿ, ಹತ್ತಿಯ ಎಳೆ, ಕಾಡಿಗೆ ಬೆರೆಸಿ, ಕಾಯಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಈ ಶತಮಾನದ ಹಿಂದಿನ ಶತಮಾನ ಆರಂಭವಾದಾಗ ನಮ್ಮ ಕಾಡಿನ ಅರಗು ಹಡಗೇರಿ ಹೋಗುತ್ತಿದ್ದಿತು. ನಮ್ಮ ಗಾಯಕರ ಹಾಡು ಜರ್ಮನಿಯ ಹ್ಯಾನೋವರ್ ನಗರದಲ್ಲಿ ತಟ್ಟೆಯಾಗಿ ನಮಗೇ ಮರಳಿ ಬರುತ್ತಿದ್ದಿತು. ೧೯೦೮ರಲ್ಲಿ ಕೋಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ಮೇಲೆ ಆ ಪ್ರಯಾಣ ತಪ್ಪಿತು.

ಕಲ್ಲಿನ ಹುಡಿ ಏಕೆಂದು ಕೇಳಬಹುದು. ಅದು ಬರಿಯ ಕಲಬೆರಕೆಯಲ್ಲ. ಉಕ್ಕಿನ ಮುಳ್ಳು ತಟ್ಟೆಯ ಮೇಲೆ ಮೊದಲ ಕೆಲವು ಸುತ್ತು ತಿರುಗುವಷ್ಟರಲ್ಲಿ, ಆ ಹುಡಿ ಮುಳ್ಳಿನ ತುದಿಯನ್ನು ಸಾಣೆ ಹಿಡಿದು, ಗೀರಿನ ಆಕಾರಕ್ಕೆ ಸರಿಯಾಗಿ ತಿದ್ದುತ್ತದೆ. ತಟ್ಟೆ ಮುಳ್ಳನ್ನು ತಿನ್ನಬೇಕು, ಮುಳ್ಳು ತಟ್ಟೆಯನ್ನು ತಿನ್ನಬಾರದು – ಇದು ಆ ಕಾಲದ ಯುಕ್ತಿ. ಆದುದರಿಂದಲೇ ಒಂದು ಬದಿಗೆ ಒಂದು ಮುಳ್ಳೆಂಬ ನಿಯಮ. ನಮ್ಮ ಅಜ್ಜನಂಥ ಮಿತವ್ಯಯಿಗಳು ಆ ನಿಯಮವನ್ನು ಪಾಲಿಸಲಿಲ್ಲವೆಂಬುದಕ್ಕೆ ತಟ್ಟೆಗಳೇ ಸಾಕ್ಷಿ. ಅವರು ಮೆಚ್ಚಿದ ಹಾಡುಗಳ ಗೀರೆಲ್ಲ ಬೂದಿ ಬಣ್ಣಕ್ಕೆ ತಿರುಗಿದೆ. ಮೆಚ್ಚದವು ಮಾತ್ರ ಇಂದಿಗೂ ಕನ್ನಡಿಯಂತೆ ಹೊಳೆಯುತ್ತಿವೆ.

ಅರಗೆಂದೊಡನೆ ನಮಗೆ ನೆನಪಾಗುವುದು ಪಾಂಡವರ ಅರಗಿನ ಮನೆ. ಈ ಹಾಡುಗಳ ಅರಗಿನ ಮನೆಗೂ ಒಮ್ಮೆ ಬೆಂಕಿ ಬಿದ್ದಿತ್ತು. ಎರಡನೆಯ ಮಹಾಯುದ್ಧದಲ್ಲಿ ಅರಗಿನ ಅಭಾವ ಒದಗಿ, ೧೯೪೨ರಲ್ಲಿ ಅಮೆರಿಕದ ಸರಕಾರ ತಟ್ಟೆ ತಯಾರಕರಿಗೆ ಅರಗಿನ ಬಳಕೆಯನ್ನು ಬಲವಾಗಿ ಮೊಟಕು ಮಾಡಿತು. ಜನರಿಂದ ಹಳೆಯ ತಟ್ಟೆಗಳನ್ನು ಕೊಂಡು, ಪುಡಿಮಾಡಿ, ಕರಗಿಸಿ ಹೊಸ ತಟ್ಟೆ ಒತ್ತಿದರು. ಹಾಗೆ ಕರಗಿ ಹೋದ ಕಂಠಗಳೆಷ್ಟೋ!

ನಾನು ಕರಗಿಸಿದ್ದು ಒಂದೇ. ತಟ್ಟೆಗಳ ಮೇಲೆ ಮಲೆನಾಡಿನ ಮಳೆಗಾಲಗಳ ಬೂಷ್ಟು ಬಿಳಿಯಾಗಿ ಕುಳಿತಿದ್ದಿತು. ಒರೆಸಬೇಕಷ್ಟೆ! ಮನೆಯಲ್ಲಿ ಸ್ಪಿರಿಟ್ಟಿನ ಸೀಸೆಯಿತ್ತು; ಕನ್ನಡಕದ ಗಾಜು, ಗಾಯ, ಗಡಿಯಾರ – ಎಲ್ಲಕ್ಕೂ ಒದಗುವ ಸ್ಪಿರಿಟ್ಟು ತಟ್ಟೆಗೆ ಒದಗದೆ ಇದ್ದೀತೆ? ಹತ್ತಿಯನ್ನು ಅದ್ದಿ ಒಂದು ಸುತ್ತು ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಬಿಡುತ್ತಿದೆಯೆಂದು ಹಿಗ್ಗಿ ಇನ್ನೂ ಒತ್ತಿ ಒರೆಸಿದೆ. ಬಿಡುತ್ತಿದ್ದುದು ಕೊಳೆಯಲ್ಲ, ಹಾಡು. ಅರಗು ಸ್ಪಿರಿಟ್ಟಿನಲ್ಲಿ ಕರಗುವುದೆಂಬುದನ್ನು ಬಾಗಿಲಿಗೆ ಪಾಲಿಷು ಹಚ್ಚುವ ಬಡಗಿ ಬಲ್ಲ, ಎಂ.ಎ. ಮಾಡಿದ ನಾನು ಅರಿಯೆ. ಆ ತಟ್ಟೆಯನ್ನು ಬಳಿಕ ನುಡಿಸಿದಾಗ, ಹೊಳೆಯ ಆಚೆ ದಡದಲ್ಲಿ ನಿಂತು ಯಾರೋ ಕೂಗಿದಂತೆ ಒಂದು ದನಿ, ಅದರ ಮೇಲೆ ಮಳೆ. ಅಷ್ಟೆ.

ಸರಿಯಾದ ಕ್ರಮ ಇಷ್ಟೇ ಸರಳ: ಬಟ್ಟಿ ಇಳಿಸಿದ ನೀರು, ಅದರಲ್ಲಿ ಒಂದೆರಡು ತೊಟ್ಟು ಸೌಮ್ಯವಾದ ಸಾಬೂನಿನ ದ್ರವ, ಮೆತ್ತನೆಯ ಬಟ್ಟೆ. ಗೀರಿಗೆ ಅಡ್ಡಲಾಗಿ ಒರೆಸದೆ ಗೀರಿನ ಜೊತೆಯಲ್ಲೇ ಸುತ್ತಿಸಿ ಒರೆಸಬೇಕು. ನಡುವಿನ ಕಾಗದದ ಚೀಟಿಯನ್ನು ನೆನೆಸಬಾರದು. ಶುದ್ಧ ನೀರಿನಲ್ಲಿ ಮತ್ತೊಮ್ಮೆ ಒರೆಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಉಳಿದ ೩೦ ತಟ್ಟೆಗಳಿಗೆ ಅಭ್ಯಂಜನ ಮಾಡಿಸಿದ್ದು ನನ್ನ ಹೆಂಡತಿ; ನನ್ನನ್ನು ಹತ್ತಿರ ಬಿಡಲಿಲ್ಲ.

ಮುಳ್ಳೂ ಗೀರೂ

ಗ್ರಾಮಫೋನ್ ತಟ್ಟೆಯ ಮೇಲೆ ನೂರಾರು ಉಂಗುರಗಳಿರುವಂತೆ ತೋರಿದರೂ ಇರುವುದು ಒಂದೇ ಗೀರು. ಹೊರ ಅಂಚಿನಿಂದ ನಡುವಿನ ಕಡೆಗೆ ಸುರುಳಿಯಾಗಿ ಹೋಗುವ ಆ ಗೀರನ್ನು ಬಿಡಿಸಿ ನೆಟ್ಟಗೆ ಎಳೆದರೆ, ಮೂರು ನಿಮಿಷದ ಹಾಡಿಗೆ ನೂರು ಮೀಟರಿಗೂ ಹೆಚ್ಚು ಉದ್ದವಾದೀತು. ಅದು ಅಕ್ಕಪಕ್ಕಕ್ಕೆ ಬಳುಕುವ ಬಳುಕೇ ಹಾಡು. ಮುಳ್ಳು ಆ ಬಳುಕಿನಲ್ಲಿ ಅತ್ತಿತ್ತ ಅಲುಗುತ್ತದೆ. ಆ ಅಲುಗಾಟ ವಿದ್ಯುತ್ತಿನ ಏರಿಳಿತವಾಗುತ್ತದೆ. ಅದನ್ನು ಅಳೆದು ಅಂಕಿಗಳಲ್ಲಿ ಬರೆದುಕೊಳ್ಳುವುದು ಗಣಕದ ಕೆಲಸ.

ಎಷ್ಟು ಸಲ ಅಳೆಯುವುದು? ನಮ್ಮ ಕಿವಿಗೆ ಸೆಕೆಂಡಿಗೆ ಹೆಚ್ಚೆಂದರೆ ೨೦,೦೦೦ ಕಂಪನಗಳು ಕೇಳಿಸಬಲ್ಲುವು. ಒಂದು ಕಂಪನವನ್ನು ಹಿಡಿಯಲು ಅದರ ಏರನ್ನೂ ಇಳಿತವನ್ನೂ ಗುರುತಿಸಬೇಕಾದುದರಿಂದ, ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯುವುದು ಅವಶ್ಯ. ಸಿ.ಡಿ.ಯಲ್ಲಿ ಸೆಕೆಂಡಿಗೆ ೪೪,೧೦೦ ಸಲ ಅಳೆದಿರುವರು. ಧ್ವನಿ ಭಂಡಾರಗಳವರು ೯೬,೦೦೦ ಸಲ ಅಳೆಯುವುದುಂಟು. ಮೂರು ನಿಮಿಷದ ಹಳೆಯ ಹಾಡಿಗೆ ಇಷ್ಟೇಕೆ? ಇದು ಹಾಡಿಗಾಗಿ ಅಲ್ಲ, ಗೀರುಬಿದ್ದ ಕಡೆ ಕೇಳುವ ಪಟಪಟ ಸದ್ದಿಗಾಗಿ! ಆ ಸದ್ದು ಅತಿ ಚೂಪು. ಅದನ್ನು ಚೂಪಾಗಿಯೇ ಹಿಡಿದುಕೊಂಡರೆ ಮುಂದೆ ಹಾಡಿನಿಂದ ಬೇರೆಯೆಂದು ಗುರುತಿಸುವುದು ಸುಲಭ. ಕಳ್ಳನ ಮುಖವನ್ನು ಸ್ಪಷ್ಟವಾಗಿ ನೋಡಿಕೊಂಡಿದ್ದರೆ ತಾನೆ ಗುಂಪಿನಲ್ಲಿ ಗುರುತಿಸಬಹುದು? ಈ ಲೆಕ್ಕದಲ್ಲಿ ಒಂದು ಗಂಟೆಯ ಧ್ವನಿ ಎರಡು ಗಿಗಾಬೈಟಿಗೆ ಸ್ವಲ್ಪ ಮೀರುತ್ತದೆ. ಇಂದಿನ ಹೆಬ್ಬೆರಳಿನ ಗಾತ್ರದ ನೆನಪುಕಡ್ಡಿಗೆ ಅದು ಹೊರೆಯಲ್ಲ.

ಆದರೆ ಗಣಕ ಎಷ್ಟು ಚೊಕ್ಕವಾಗಿ ಬರೆದುಕೊಂಡರೇನು, ಹೇಳುವ ಮುಳ್ಳೇ ತಪ್ಪು ಹೇಳಿದರೆ? ಇಂದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ತಿರುಗುಮಣೆಗೆ ಎಲ್.ಪಿ.ಯ ಮುಳ್ಳಿರುತ್ತದೆ. ಅದರ ತುದಿ ಒಂದು ಅಂಗುಲದ ಸಾವಿರದಲ್ಲಿ ಒಂದು ಭಾಗ, ಇಲ್ಲವೆ ಇನ್ನೂ ಕಿರಿದು. ಹಳೆಯ ೭೮ರ ಗೀರಿಗೆ ಬೇಕಾದುದು ಅದರ ಮೂರರಷ್ಟು ದಪ್ಪದ್ದು. ಸಣ್ಣ ಮುಳ್ಳನ್ನು ಅಗಲವಾದ ಗೀರಿಗೆ ಇಳಿಬಿಟ್ಟರೆ, ಅದು ಹಾಡಿರುವ ಗೋಡೆಗಳನ್ನು ಮುಟ್ಟದೆ ತಳಕ್ಕೆ ಜಾರಿ, ಅಲ್ಲಿ ಎಪ್ಪತ್ತು ವರ್ಷಗಳಿಂದ ಕುಳಿತ ಕಸವನ್ನು ಕೆದಕುತ್ತದೆ. ಮೊದಲ ದಿನ ನಮ್ಮ ಮನೆಯಲ್ಲಿ ಕೇಳಿದ್ದು ಅದೇ: ಕಾದ ಎಣ್ಣೆಗೆ ಹಪ್ಪಳ ಬಿಟ್ಟ ಸದ್ದು. ಪ್ರತ್ಯೇಕ ಮುಳ್ಳು ತರಿಸಿ ಹಾಕಿದಾಗ, ಅದೇ ತಟ್ಟೆಯಿಂದ ಕಾಳಿಂಗರಾಯರು ಕೆಮ್ಮಿ ಗಂಟಲು ಸರಿಪಡಿಸಿಕೊಂಡವರಂತೆ ಈಚೆ ಬಂದರು. ನನ್ನ ಮಗಳು ಅಡುಗೆಮನೆಯಿಂದ ಓಡಿ ಬಂದು, “ಯಾರು ಬಂದರು?” ಎಂದು ಕೇಳಿದಳು.

ಸವೆದ ತಟ್ಟೆಗೆ ಇನ್ನೂ ಒಂದು ಉಪಾಯವುಂಟು. ಅಜ್ಜನ ಉಕ್ಕಿನ ಮುಳ್ಳು ಗೀರಿನ ಗೋಡೆಯನ್ನು ಒಂದೇ ಎತ್ತರದಲ್ಲಿ ಸವೆಸಿರುತ್ತದೆ; ಅದಕ್ಕಿಂತ ಸ್ವಲ್ಪ ಮೇಲೋ ಕೆಳಗೋ ಕೂರುವ ಬೇರೆ ಅಳತೆಯ ಮುಳ್ಳಿಗೆ ಸವೆಯದ ಗೋಡೆ ಸಿಕ್ಕೀತು. ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ೭೮ರ ತಟ್ಟೆಗಳ ಯೋಜನೆಯಲ್ಲಿ ನಾಲ್ಕು ಅಳತೆಯ ಮುಳ್ಳುಗಳನ್ನು ಏಕಕಾಲಕ್ಕೆ ಓಡಿಸಿ ನಾಲ್ಕು ಪ್ರತಿಗಳನ್ನೂ ಇಟ್ಟುಕೊಂಡರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನಾಲ್ಕು ಪಾಠಾಂತರಗಳನ್ನೂ ಅಡಿಟಿಪ್ಪಣಿಯಲ್ಲಿ ಕೊಟ್ಟಂತೆ. ಮುಳ್ಳೇ ಇಲ್ಲದ ವಿಧಾನವೂ ಇದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯಲ್ಲಿ ಕಾರ್ಲ್ ಹೇಬರ್ ಮತ್ತು ವಿಟಾಲಿ ಫದೇಯೆವ್ ಎಂಬ ವಿಜ್ಞಾನಿಗಳು, ಗೀರಿನ ಚಿತ್ರವನ್ನು ಸೂಕ್ಷ್ಮವಾಗಿ ತೆಗೆದು, ಮುಳ್ಳು ಅಲ್ಲಿ ಓಡಿದ್ದರೆ ಹೇಗೆ ಅಲುಗುತ್ತಿತ್ತೆಂದು ಗಣಕದಿಂದಲೇ ಲೆಕ್ಕ ಹಾಕಿಸಿದರು. ಒಡೆದ ತಟ್ಟೆಯನ್ನೂ ಹೀಗೆ ಓದಬಹುದು. ಸ್ಪಿರಿಟ್ಟಿನಲ್ಲಿ ಅಳಿಸಿದ್ದನ್ನು ಮಾತ್ರ ಅವರೂ ಓದಲಾರರು.

“ನನ್ನ ಹೆಸರು...”

ನಮ್ಮ ತಟ್ಟೆಗಳಲ್ಲಿ ನಾಲ್ಕರ ಚೀಟಿಯನ್ನು ಹುಳು ತಿಂದಿದ್ದಿತು. ಹಾಡಿದವರು ಯಾರು? ತಂದೆ ಒಂದನ್ನು ಕೇಳಿದೊಡನೆ ಗುರುತಿಸಿದರು. ಮಿಕ್ಕ ಮೂರು ಅವರಿಗೂ ತಿಳಿಯದು. ಚೀಟಿ ಹೋದರೂ, ಅದರ ಸುತ್ತಲಿನ ನಯವಾದ ಜಾಗದಲ್ಲಿ ಒತ್ತಿದ ಅಂಕಿಗಳು ಉಳಿದಿರುತ್ತವೆ. ಅದು ಅಚ್ಚಿನ ಸಂಖ್ಯೆ, ತಟ್ಟೆಯ ಹಣೆಬರಹ. ದೀಪವನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಹಳೆಯ ಸೂಚಿಗಳಲ್ಲಿ ಆ ಸಂಖ್ಯೆಯನ್ನು ಹುಡುಕಿ ಇಬ್ಬರನ್ನು ಪತ್ತೆಹಚ್ಚಿದೆವು. ಒಬ್ಬಾಕೆ ಮಾತ್ರ ಇನ್ನೂ ಅನಾಮಧೇಯಳು.

ನಮ್ಮ ದೇಶದ ಮೊದಮೊದಲ ಗಾಯಕಿಯರು ಈ ಕಷ್ಟವನ್ನು ಮುಂಗಂಡವರಂತೆ ನಡೆದುಕೊಂಡರು. ೧೯೦೨ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕೋಲ್ಕತ್ತೆಗೆ ಬಂದು, ಹೋಟೆಲಿನ ಕೋಣೆಯಲ್ಲಿ ಯಂತ್ರವನ್ನು ಹೂಡಿ ಗೌಹರ್ ಜಾನಳ ಹಾಡನ್ನು ಮುದ್ರಿಸಿಕೊಂಡನು. ಆಗ ವಿದ್ಯುತ್ತಿನ ಮೈಕಿಲ್ಲ. ದೊಡ್ಡ ಕಹಳೆಯೊಳಗೆ ಮುಖವಿಟ್ಟು ಹಾಡಬೇಕು. ಮೂರು ನಿಮಿಷದೊಳಗೆ ರಾಗವನ್ನು ಮುಗಿಸಿ, ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ‘ನನ್ನ ಹೆಸರು ಗೌಹರ್ ಜಾನ್’ ಎಂದು ಕೂಗಿ ಹೇಳುವಳು. ಹ್ಯಾನೋವರಿನಲ್ಲಿ ತಟ್ಟೆ ಒತ್ತುವವರಿಗೆ ಯಾರ ಹಾಡಿಗೆ ಯಾವ ಚೀಟಿ ಎಂದು ತಿಳಿಯಲೆಂಬುದು ಅದರ ಉದ್ದೇಶ. ಆ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದು ೧೯೨೮ರಲ್ಲಿ ಮೈಸೂರಿಗೆ ಬಂದಳು. ೧೯೩೦ರ ಜನವರಿಯಲ್ಲಿ ಇಲ್ಲಿಯೇ ತೀರಿಕೊಂಡಳು. ನಾನು ದಿನವೂ ಕಾಲೇಜಿಗೆ ಓಡಾಡುವ ಊರಿನಲ್ಲಿ ಆಕೆಯ ಕೊನೆಯ ದಿನಗಳು ಕಳೆದುವೆಂಬುದು ಈ ತಟ್ಟೆಗಳ ಗೊಡವೆಗೆ ಬೀಳುವವರೆಗೆ ನನಗೆ ತಿಳಿದಿರಲಿಲ್ಲ.

ಶ್ರುತಿ ಎಷ್ಟು ಮನೆ?

೭೮ರ ತಟ್ಟೆಯೆಂದರೆ ೭೮ ಸುತ್ತೆಂದು ತಿಳಿಯುವುದು ಸಹಜ. ಹಳೆಯ ತಟ್ಟೆಗಳಲ್ಲಿ ಅದು ನಿಶ್ಚಯವಿಲ್ಲ. ಮುದ್ರಣದ ದಿನ ಯಂತ್ರ ನಿಮಿಷಕ್ಕೆ ೭೪ ಸುತ್ತು ತಿರುಗಿದ್ದು, ನಾವು ಅದನ್ನು ೭೮ರಲ್ಲಿ ನುಡಿಸಿದರೆ, ಶ್ರುತಿ ಹೆಚ್ಚುಕಡಮೆ ಅರ್ಧ ಸ್ವರದಷ್ಟು ಏರುತ್ತದೆ, ಲಯವೂ ಓಡುತ್ತದೆ. ಒಂದನೆಯ ಮನೆಯ ಗಾಯಕ ಒಂದೂವರೆ ಮನೆಯವನಾಗುತ್ತಾನೆ. ತಿರುಗುಮಣೆಗೆ ೭೮ರ ವೇಗವೇ ಇಲ್ಲದಿದ್ದರೂ ಚಿಂತೆಯಿಲ್ಲ: ೪೫ರಲ್ಲಿ ನುಡಿಸಿ ಬರೆದುಕೊಂಡು, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ವೇಗವನ್ನು ಏರಿಸಬಹುದು. ಎಷ್ಟಕ್ಕೆ ಏರಿಸಿ ನಿಲ್ಲಿಸಬೇಕೆಂಬುದನ್ನು ಮಾತ್ರ ಯಾವ ತಂತ್ರಾಂಶವೂ ಹೇಳದು.

ನಾಟಕದ ಹಾಡುಗಳಲ್ಲಿ ಹಾರ್ಮೋನಿಯಂ ಇರುವುದರಿಂದ ಸ್ವಲ್ಪ ಆಧಾರವುಂಟು. ಅದರ ಮನೆಗಳು ಸ್ಥಿರ. ಆದರೂ ಅಂದಿನ ಪೆಟ್ಟಿಗೆಗಳೆಲ್ಲ ಒಂದೇ ಶ್ರುತಿಯವೆಂದು ಪ್ರಮಾಣ ಮಾಡಲಾಗದು. ಗಾಯಕರ ಕಂಠವನ್ನು ಬಲ್ಲವರು ಕಿವಿಯಿಂದಲೇ ಸರಿಪಡಿಸುವುದುಂಟು. ಅಲ್ಲಿಯೂ ಹಳ್ಳವಿದೆ. ಗಂಗೂಬಾಯಿ ಹಾನಗಲ್ಲರ ಗಂಡುಕಂಠದ ಗಾಂಭೀರ್ಯವನ್ನು ಅರಿಯದವರಾರು? ಆದರೆ ೧೯೩೦ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದ ಅವರ ಮೊದಲ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ಬಳಿಕ ಅವರ ಕಂಠ ಮಾರ್ಪಟ್ಟಿತು. ಇದನ್ನರಿಯದ ಬುದ್ಧಿವಂತನೊಬ್ಬ, ‘ತಟ್ಟೆ ಬೇಗ ತಿರುಗುತ್ತಿದೆ’ ಎಂದು ಭಾವಿಸಿ ವೇಗವನ್ನು ತಗ್ಗಿಸುತ್ತ ಹೋದರೆ, ಇಲ್ಲದ ಗಂಗೂಬಾಯಿಯನ್ನು ಸೃಷ್ಟಿಸಿಯಾನು.

ಬಲ್ಲವರೂ ಎಡವಿದ ಪ್ರಸಂಗವಿದೆ. ೧೮೬೦ರ ಏಪ್ರಿಲ್ ೯ರಂದು ಫ್ರಾನ್ಸಿನ ಸ್ಕಾಟ್ ದ ಮಾರ್ಟಿನ್‌ವಿಲ್ ಎಂಬಾತ ಮಸಿ ಹಿಡಿಸಿದ ಕಾಗದದ ಮೇಲೆ ಹಾಡೊಂದರ ಕಂಪನಗಳನ್ನು ಗೆರೆಯಾಗಿ ಬರೆಸಿದ್ದನು. ಅದನ್ನು ನುಡಿಸುವ ಉದ್ದೇಶ ಅವನಿಗಿರಲಿಲ್ಲ; ದನಿಯ ರೂಪವನ್ನು ಕಣ್ಣಿನಿಂದ ನೋಡುವುದೇ ಗುರಿ. ಎಡಿಸನ್ನನ ಯಂತ್ರ ಬಂದುದು ಅದಕ್ಕೆ ೧೭ ವರ್ಷಗಳ ಬಳಿಕ. ೨೦೦೮ರಲ್ಲಿ ಅಮೆರಿಕದ ಸಂಶೋಧಕರು ಆ ಗೆರೆಯನ್ನು ಗಣಕಕ್ಕೆ ಏರಿಸಿ ನುಡಿಸಿದಾಗ ಕೇಳಿದ್ದು ಹೆಣ್ಣೋ ಬಾಲಿಕೆಯೋ ಹಾಡಿದಂಥ ದನಿ. ಪತ್ರಿಕೆಗಳೆಲ್ಲ ಹಾಗೆಯೇ ಬರೆದುವು. ಮರುವರ್ಷ ಲೆಕ್ಕವನ್ನು ಮರಳಿ ನೋಡಿದಾಗ, ವೇಗ ಎರಡರಷ್ಟಾಗಿದ್ದಿತೆಂದು ತಿಳಿಯಿತು. ಅರ್ಧಕ್ಕೆ ಇಳಿಸಿದರೆ ನಿಧಾನವಾಗಿ ಹಾಡುತ್ತಿರುವ ಗಂಡಸು – ಬಹುಮಟ್ಟಿಗೆ ಸ್ಕಾಟನೇ!

ಈ ಕಥೆಯನ್ನು ಓದಿ ನಾನು ನಕ್ಕಿದ್ದೆ. ಆರು ತಿಂಗಳ ಬಳಿಕ ನನ್ನ ಅಜ್ಜಿಗೂ ಅದೇ ಗತಿಯಾಯಿತು.

ಅಮ್ಮನ ಸುರುಳಿ

ಮುಂಬಯಿಯಲ್ಲಿ ಕೆಲಸದಲ್ಲಿದ್ದ ದೊಡ್ಡಪ್ಪ, ಮನೆಯ ಮೊದಲ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಊರಿಗೆ ಬಂದಾಗ, ಬ್ಯಾಟರಿಯ ಟೇಪ್ ರಿಕಾರ್ಡರನ್ನು ಹೊತ್ತು ತಂದಿದ್ದರಂತೆ. ನಮ್ಮ ಮನೆಗೆ ಆಗ ಇನ್ನೂ ವಿದ್ಯುತ್ತು ಬಂದಿರಲಿಲ್ಲ. ಅಜ್ಜಿ ತೊಟ್ಟಿಲ ಪದಗಳನ್ನು ಹಾಡಿದಳು, ದೊಡ್ಡಪ್ಪ ಮುದ್ರಿಸಿಕೊಂಡರು. ಸುಮಾರು ೨೦ ನಿಮಿಷ.

ಸುರುಳಿ ನುಡಿಸುವ ಯಂತ್ರವನ್ನು ಪರಿಚಿತರೊಬ್ಬರಿಂದ ಎರವಲು ತಂದೆ. ಟೇಪು ಹಳೆಯ ಅಸಿಟೇಟ್ ಜಾತಿಯದು, ಒಣಗಿ ಗರಿಗರಿಯಾಗಿತ್ತು. ಉಸಿರು ಬಿಗಿಹಿಡಿದು ಒಮ್ಮೆ ಓಡಿಸಿ ಗಣಕಕ್ಕೆ ಏರಿಸಿದೆ. ಅಂದು ರಾತ್ರಿಯೇ, ತಂದೆಗೆ ಅಚ್ಚುಕಟ್ಟಾಗಿ ಕೇಳಿಸಬೇಕೆಂಬ ಉತ್ಸಾಹದಲ್ಲಿ, ಪಟಪಟ ಸದ್ದನ್ನು ಅಳಿಸುವ ಉಪಕರಣವನ್ನು ಅದರ ಮೇಲೆ ಹರಿಯಬಿಟ್ಟು, ಮೊದಲಿನ ಕಡತದ ಮೇಲೆಯೇ ಉಳಿಸಿಬಿಟ್ಟೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ವರ್ಷ ವರ್ಷ ಪಾಠ ಹೇಳುವವನು ಮಾಡುವ ಕೆಲಸವೇ ಇದು! ಮೂಲಪ್ರತಿಯನ್ನು ತೊಳೆದು ಅದರ ಮೇಲೆಯೇ ಪರಿಷ್ಕೃತ ಪಾಠವನ್ನು ಬರೆದಂತಾಯಿತು.

ಬೆಳಗ್ಗೆ ತಂದೆ ಕೇಳಿದರು. ಮೊದಲ ಪದ ಮುಗಿಯುವವರೆಗೆ ಕಣ್ಣು ಮುಚ್ಚಿಕೊಂಡಿದ್ದರು. ಬಳಿಕ, “ಬಳೆ ಎಲ್ಲಿ?” ಎಂದರು.

ನನಗೆ ಅರ್ಥವಾಗಲಿಲ್ಲ. “ಅಮ್ಮ ತೊಟ್ಟಿಲು ತೂಗುತ್ತ ಹಾಡಿದ್ದು. ಕೈತುಂಬ ಗಾಜಿನ ಬಳೆ. ತೂಗಿದಾಗಲೆಲ್ಲ ಸದ್ದಾಗುತ್ತಿತ್ತು” ಎಂದರು. ಕೊನೆಯ ಪದ ಬರುವ ಹೊತ್ತಿಗೆ, “ಇದು ಅಮ್ಮನಲ್ಲ” ಎಂದು ಎದ್ದುಹೋದರು.

ಎರಡೂ ನಿಜವಾಗಿದ್ದುವು.

ಬಳೆಯ ಕಿಣಿ ಎಂಬುದು ಥಟ್ಟನೆ ಎದ್ದು ಥಟ್ಟನೆ ಅಡಗುವ ಸದ್ದು. ಗೀರುಬಿದ್ದ ತಟ್ಟೆಯ ಪಟಪಟವೂ ಅಂಥದೇ. ಯಂತ್ರಕ್ಕೆ ಭೇದ ತಿಳಿಯದು. ಬಳೆಗಳನ್ನೆಲ್ಲ ಕಸವೆಂದು ಗುಡಿಸಿ ಹಾಕಿತ್ತು. ಇನ್ನು ದನಿ. ಮುದ್ರಿಸುತ್ತಿದ್ದಾಗ ಬ್ಯಾಟರಿಗಳು ಸೋಲುತ್ತ ಬಂದಿರಬೇಕು. ಯಂತ್ರ ನಿಧಾನವಾದಂತೆ ಟೇಪು ಮೆಲ್ಲನೆ ಓಡಿತು. ಇಂದು ಅದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಹಾಡು ಬರಬರುತ್ತ ಏರಿ, ಕೊನೆಗೆ ಎಂಟು ವರ್ಷದ ಹುಡುಗಿಯ ಕೀರಲು ದನಿಯಾಗುತ್ತದೆ. ವಿದ್ಯುತ್ತಿನ ಯಂತ್ರವಾಗಿದ್ದರೆ ಅದರ ಗುಂಯ್‌ಗುಡುವಿಕೆಯಾದರೂ ಅಳತೆಗೆ ಒದಗುತ್ತಿತ್ತು. ಇಲ್ಲಿ ಅದೂ ಇಲ್ಲ. ಆಕೆಯ ಕಂಠವನ್ನು ಬಲ್ಲವರು ಉಳಿದಿರುವುದು ತಂದೆಯೊಬ್ಬರೇ. ಅವರು ಕೇಳಿದ್ದೂ ಐವತ್ತು ವರ್ಷಗಳ ಹಿಂದೆ.

ಸುರುಳಿಯನ್ನು ಮತ್ತೆ ಓಡಿಸದೆ ಗತ್ಯಂತರವಿರಲಿಲ್ಲ. ಎರಡನೆಯ ಸಲ ಅದು ಮೂರು ಕಡೆ ತುಂಡಾಯಿತು. ಅಸಿಟೇಟಿನ ಒಂದು ಗುಣವೆಂದರೆ, ಹಿಗ್ಗದೆ ನೆಟ್ಟಗೆ ಮುರಿಯುವುದು, ಅಂಟುಪಟ್ಟಿಯಿಂದ ಜೋಡಿಸಬಹುದು. ತುಂಡು ತುಂಡಾಗಿ ಏರಿಸಿ, ಈ ಬಾರಿ ಆ ಕಡತಕ್ಕೆ ಕೈ ಹಚ್ಚದೆ, ಮೂರು ಪ್ರತಿ ತೆಗೆದು, ಒಂದನ್ನು ತಂಗಿಯ ಮನೆಗೂ ಕಳುಹಿಸಿ, ಆಮೇಲೆ ಕಿವಿಗೊಟ್ಟು ಕೂತೆ. ಕುಗ್ಗಿಸಿ ಚಿಕ್ಕದು ಮಾಡುವ ಎಂಪಿ೩ ರೂಪದಲ್ಲಿ ಮೂಲವನ್ನು ಇಡಬಾರದೆಂಬುದನ್ನೂ ಆಗ ಕಲಿತೆ; ಅದು ಕಿವಿಗೆ ಬೇಡವೆಂದು ತಾನೇ ತೀರ್ಮಾನಿಸಿದ್ದನ್ನು ಬಿಸುಡುತ್ತದೆ. ನಂಟರಿಷ್ಟರಿಗೆ ಕಳುಹಿಸಲು ಅದು ಸಾಕು, ಪೆಟ್ಟಿಗೆಯಲ್ಲಿಡಲು ಸಾಲದು.

ಬಳೆಗಳಿದ್ದುವು. ತೊಟ್ಟಿಲ ಸರಪಣಿಯ ಕಿರುಗುಟ್ಟುವಿಕೆ, ಯಾರದೋ ಕೆಮ್ಮು, ದೂರದಲ್ಲಿ ದನದ ಕೊರಳ ಗಂಟೆ. ಮತ್ತು ಇವೆಲ್ಲದರ ಹಿಂದೆ, ಮೊದಲಿನಿಂದ ಕೊನೆಯವರೆಗೆ ಬಿಡದೆ ಟಿಕ್, ಟಿಕ್, ಟಿಕ್.

ಅದು ನಡುಮನೆಯ ಗೋಡೆ ಗಡಿಯಾರ! ಮೊದಲ ಪ್ರತಿಯಲ್ಲಿ ಬಳೆಯೊಡನೆ ಅದನ್ನೂ ಗುಡಿಸಿಹಾಕಿದ್ದೆ. ಆ ಗಡಿಯಾರ ಅದೇ ಗೋಡೆಯ ಮೇಲೆ ಇಂದಿಗೂ ಇದೆ. ಚಿಕ್ಕಪ್ಪ ವಾರಕ್ಕೊಮ್ಮೆ ಕೀಲಿ ಕೊಡುತ್ತಾರೆ. ಲೋಲಕದ ಉದ್ದ ಬದಲಾಗದ ಹೊರತು ಅದರ ನಡೆ ಬದಲಾಗದು. ಚಿಕ್ಕಪ್ಪನಿಗೆ ಫೋನು ಮಾಡಿ, ಒಂದು ನಿಮಿಷಕ್ಕೆ ಎಷ್ಟು ಟಿಕ್ಕೆಂದು ಎಣಿಸಲು ಹೇಳಿದೆ. ನನಗೆ ಬುದ್ಧಿಭ್ರಮಣೆಯಾಗಿದೆಯೇ ಎಂದು ಮೊದಲು ವಿಚಾರಿಸಿಕೊಂಡರು. ಎಣಿಸಿದರು: ೧೨೦. ಟೇಪಿನ ಆರಂಭದಲ್ಲಿ ಎಣಿಸಿದೆ: ನಿಮಿಷಕ್ಕೆ ೧೨೬. ಕೊನೆಯಲ್ಲಿ ೧೪೧. ಅಲ್ಲಿಂದ ಮುಂದಿನದು ಬರಿಯ ತ್ರೈರಾಶಿ. ಒಂದೊಂದು ನಿಮಿಷವನ್ನೂ ಅಳೆದು, ಎಲ್ಲೆಡೆಯೂ ೧೨೦ಕ್ಕೆ ಬರುವಂತೆ ವೇಗವನ್ನು ತಗ್ಗಿಸುತ್ತ ಹೋದೆ. ನಾಲ್ಕು ಭಾನುವಾರಗಳ ಕೆಲಸ.

ಹಾಗೆ ಬಂದ ದನಿ ನಾನು ಊಹಿಸಿದಂತೆ ಇರಲಿಲ್ಲ. ಇಂಪಾದದ್ದೂ ಅಲ್ಲ. ತಗ್ಗಿದ, ಸ್ವಲ್ಪ ಒಡಕಾದ, ಹೊಗೆ ತುಂಬಿದ ಒಲೆಯ ಮುಂದೆ ಆಯುಷ್ಯ ಕಳೆದವಳ ಗಂಟಲು. ಮೇಲಿನ ಸ್ವರಕ್ಕೆ ಏರಲಾರದೆ ಅಲ್ಲಲ್ಲಿ ಮಾತಿಗೆ ಇಳಿಯುತ್ತಾಳೆ. ಇದನ್ನು ‘ಸುಧಾರಿಸುವ’ ಗುಂಡಿಗಳು ತಂತ್ರಾಂಶದಲ್ಲಿ ಸಾಲಾಗಿವೆ. ಗುಂಯ್‌ಗುಡುವ ಹಿನ್ನೆಲೆಯನ್ನು ತುಸು ತಗ್ಗಿಸಿದ್ದಷ್ಟೇ ಹೊರತು ಬೇರೊಂದನ್ನೂ ಒತ್ತಲಿಲ್ಲ. ಅದನ್ನೂ ಬೇರೆಯ ಪ್ರತಿಯಲ್ಲಿ.

ತಂದೆಯನ್ನು ಕರೆದೆ. ಪೂರ್ತಿ ೨೦ ನಿಮಿಷ ಕೇಳಿದರು; ಸರಿಪಡಿಸಿದ ಮೇಲೆ ಅದು ೨೩ ನಿಮಿಷಕ್ಕೆ ಹತ್ತಿರವಾಗಿತ್ತೆನ್ನಿ. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೊನೆಗೆ, “ಕೆಮ್ಮಿದ್ದು ನಿನ್ನಜ್ಜ” ಎಂದರು. ಆಮೇಲೆ, ಇದರಲ್ಲಿ ಯಾರ ಹೆಸರೂ ಇಲ್ಲವಲ್ಲ, ಮುಂದೆ ಕೇಳುವವರಿಗೆ ಯಾರೆಂದು ತಿಳಿಯುವುದು ಹೇಗೆ ಎಂದು ಅವರೇ ತೆಗೆದರು. ಗೌಹರ್ ಜಾನಳ ಕಥೆಯನ್ನು ನಾನು ಅವರಿಗೆ ಹೇಳಿದ್ದೆ.

ಮೈಕನ್ನು ಅವರ ಮುಂದಿಟ್ಟೆ. ಕನ್ನಡಕವನ್ನು ಸರಿಪಡಿಸಿಕೊಂಡು, ರೇಡಿಯೋದಲ್ಲಿ ವಾರ್ತೆ ಓದುವವರಂತೆ, ತಾಯಿಯ ಹೆಸರು, ಊರು, ತೊಟ್ಟಿಲಲ್ಲಿದ್ದ ಮಗುವಿನ ಹೆಸರು, ಅಂದು ಮನೆಯಲ್ಲಿದ್ದವರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಇಸವಿ ನೆನಪಾಗಲಿಲ್ಲ. ಮಗುವಿನ ವಯಸ್ಸನ್ನು ಬೆರಳಲ್ಲಿ ಎಣಿಸಿ ೧೯೭೨ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಕು, ನಿಲ್ಲಿಸು” ಎಂದರು. ಅದೂ ಮುದ್ರಿತವಾಗಿದೆ.